ಅಕ್ಕಿಯ ಸೀಮೆಯಲ್ಲಿ ಗೋಧಿಯ ಬೇನೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮೇಲಿರುವ, ಕುವೆಂಪು ಅವರ ಕಾದಂಬರಿಯ ಓದುಗರಿಗೆ ಹೆಸರಿನಿಂದಲಾದರೂ ಪರಿಚಿತವಾಗಿರತಕ್ಕ ಮೇಗರವಳ್ಳಿಯಲ್ಲಿ, ಹಾಗೆಯೇ ಹೊಸನಗರ ಸಾಗರಗಳ ಕಡೆಯ ಹಳ್ಳಿಗಳಲ್ಲಿಯೂ, ಬೆಳಗ್ಗೆ ಕಡುಬೋ ರೊಟ್ಟಿಯೋ ದೋಸೆಯೋ ಆಗಿ, ಮಧ್ಯಾಹ್ನ ಅನ್ನವಾಗಿ, ರಾತ್ರಿ ಪುನಃ ಅನ್ನವಾಗಿಯೇ ಎಲೆಗೆ ಬರುವ ಅಕ್ಕಿಗೆ ತಲೆಮಾರುಗಳ ಕಾಲ ಎದುರಾಳಿಯೇ ಇರಲಿಲ್ಲ. ಗೋಧಿಯೆಂಬುದು ಹಬ್ಬದಂದು ಹೋಳಿಗೆಯ ಕಣಕವಾಗಿ, ಸತ್ಯನಾರಾಯಣ ವ್ರತದಂದು ಸಪಾದ ಭಕ್ಷ್ಯದ ರವೆಯಾಗಿ ಬಂದು ಹೋಗುತ್ತಿತ್ತೇ ಹೊರತು ದಿನನಿತ್ಯದ ಅಡುಗೆಮನೆಯಲ್ಲಿ ಅದಕ್ಕೆ ಸ್ಥಿರವಾದ ಸ್ಥಾನವಿರಲಿಲ್ಲ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದ ಮೇಲೆ ರೇಷನ್ನಿನ ದಿನಗಳಲ್ಲಿ ದಕ್ಷಿಣದವರು ಗೋಧಿಯನ್ನು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರು. 1956ರ ಬಳಿಕ ಪಿ.ಎಲ್. 480ರ ಒಪ್ಪಂದದ ಅನ್ವಯ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂದಿಳಿಯಿತು. ಹಸುರು ಕ್ರಾಂತಿಯ ತರುವಾಯ ಪಂಜಾಬಿನ ಗೋಧಿ ಬಂದಿತು. ಇಷ್ಟೆಲ್ಲ ಸೇರಿಯೂ ಮಾಡಲಾರದುದನ್ನು ಕಡೆಗೆ ಸಕ್ಕರೆ ಕಾಯಿಲೆ ಮಾಡಿತು. "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ" ಎಂಬ ವೈದ್ಯವಾಕ್ಯವನ್ನು ಶಿರಸಾ ವಹಿಸಿದ ಯಜಮಾನರಿಗಾಗಿ ಲಟ್ಟಣಿಗೆ ಮನೆಯೊಳಗೆ ಬಂದಿತು; ಬಂದ ಮೇಲೆ ಮಕ್ಕಳೂ ಮೊಮ್ಮಕ್ಕಳೂ ಅದಕ್ಕೆ ಒಗ್ಗಿಕೊಂಡರು. ಬಸ್ ನಿಲ್ದಾಣದ ಬೇಕರಿಯೂ ಸಂಜೆಯ ಗೋಬಿ ಮಂಚೂರಿಯ ಗಾಡಿಯೂ ಉಳಿದುದನ್ನು ಪೂರೈಸಿದುವು.

ಇನ್ನೊಂದು ಮಾತು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಕಂಡುಬರಲು ಹೊರಟವರು ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಬ್ರೆಡ್ಡು, ರಸ್ಕು, ಬಿಸ್ಕತ್ತು, ಹಾಲಿಗೆ ಬೆರೆಸುವ ಮಾಲ್ಟಿನ ಪುಡಿ, ಜ್ವರ ಬಂದವರಿಗೆ ಬಾರ್ಲಿಯ ಗಂಜಿ, ಇವು ರೋಗಿಗೆ ಹಿತವಾದುವೆಂಬ ನಂಬಿಕೆ ಎಷ್ಟು ದೃಢವಾಗಿದೆಯೆಂದರೆ ಮನೆಯ ಅನ್ನ ಸಾರನ್ನು ರೋಗಿಗೆ ನಿಷೇಧಿಸಿ ಈ ಅಂಗಡಿಯ ಸರಕನ್ನು ಪಥ್ಯವೆಂದು ಕೊಡುವವರೂ ಉಂಟು. ಸಾಧಾರಣ ರೋಗಿಗೆ ಇದರಿಂದ ಬಾಧಕವೇನೂ ಇಲ್ಲ. ಆದರೆ ಒಂದು ಜಾತಿಯ ರೋಗಿಯಿದ್ದಾನೆ. ಈ ಪಟ್ಟಿಯಲ್ಲಿರುವ ಒಂದೊಂದು ಪದಾರ್ಥವೂ ಅವನ ಕರುಳನ್ನು ಮತ್ತಷ್ಟು ಕೆಡಿಸುತ್ತದೆ. ಅವನ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು.

ಹೋಳಿಗೆ ಮಾಡಬಲ್ಲವರಿಗೆ ಈ ವ್ಯಾಧಿಯ ಮೂಲವನ್ನು ತಿಳಿಸಿ ಹೇಳುವುದು ಸುಲಭ. ಮೈದಾ ಅಥವಾ ಚಿರೋಟಿ ರವೆಯನ್ನು ನೀರು ಹಾಕಿ ನಾದಿ, ಎಣ್ಣೆಯಲ್ಲಿ ನೆನೆಯಿಟ್ಟ ಕಣಕವು ಹೂರಣದ ಸುತ್ತ ಹರಿಯದೆ ಹಿಗ್ಗುತ್ತದಷ್ಟೆ. ಅಕ್ಕಿಯ ಹಿಟ್ಟಿಗೆ ಆ ಗುಣವಿಲ್ಲದೆ ಇರುವುದರಿಂದಲೇ ಅಕ್ಕಿರೊಟ್ಟಿಯ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸಿ ಬಿಸಿಯಾಗಿರುವಾಗಲೇ ಮಿದಿಯಬೇಕಾಗುತ್ತದೆ, ಎಷ್ಟು ಮಿದಿದರೂ ಅಂಚು ಬಿರಿಯುವುದು ತಪ್ಪುವುದಿಲ್ಲ. ಮೈದಾದ ಉಂಡೆಯನ್ನು ನೀರಿನ ಧಾರೆಯಡಿ ಹಿಸುಕುತ್ತ ತೊಳೆದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ, ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬೂದುಬಣ್ಣದ ಅಂಟುಮುದ್ದೆಯೊಂದು ಅಂಗೈಯಲ್ಲಿ ಉಳಿಯುತ್ತದೆ. ಇಟಲಿಯ ಬೊಲೊನ್ಯ ನಗರದ ಬೆಕ್ಕಾರಿ ಎಂಬ ವಿದ್ವಾಂಸನು 1728ರಲ್ಲಿಯೇ ಇದನ್ನು ಪ್ರತ್ಯೇಕಿಸಿ ವರ್ಣಿಸಿದ್ದನು. ಈ ಮುದ್ದೆಯೇ ಗ್ಲುಟೆನ್. ಪ್ರೋಟೀನುಗಳ ಒಂದು ಸಮೂಹ. ಗೋಧಿಯಲ್ಲಿರುವಂತೆ ಬಾರ್ಲಿಯಲ್ಲಿಯೂ ರೈ ಎಂಬ ಧಾನ್ಯದಲ್ಲಿಯೂ ಇದರ ಬಂಧುಗಳುಂಟು. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ, ಇವುಗಳಲ್ಲಿ ಆ ಬಗೆಯ ಪ್ರೋಟೀನು ಇಲ್ಲ.

ನಾವು ತಿಂದ ಪ್ರೋಟೀನನ್ನು ಜೀರ್ಣರಸಗಳು ಚೂರುಚೂರಾಗಿ ಕತ್ತರಿಸುವುದು ನಿಯಮ. ಗ್ಲುಟೆನ್ನಿನ ಕೆಲವು ತುಣುಕುಗಳು ಮಾತ್ರ ಆ ಕತ್ತರಿಗೆ ಸಿಕ್ಕದೆ ಇಡಿಯಾಗಿಯೇ ಸಣ್ಣ ಕರುಳನ್ನು ತಲಪುತ್ತವೆ. 33 ಅಮೈನೋ ಆಮ್ಲಗಳ ಅಂತಹ ಒಂದು ತುಣುಕನ್ನು ಸಂಶೋಧಕರು 2002ರಲ್ಲಿ ಗುರುತಿಸಿದರು. ಬಹುಪಾಲು ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ. ಡಿಕ್ಯೂ-2 ಅಥವಾ ಡಿಕ್ಯೂ-8 ಎಂಬ ಜೀನನ್ನು ತಂದೆತಾಯಿಗಳಿಂದ ಪಡೆದವರಲ್ಲಿ ಕೆಲವರ ದೇಹವಾದರೋ ಈ ತುಣುಕನ್ನು ಶತ್ರುವೆಂದು ಬಗೆದು, ಅದರೊಡನೆ ತನ್ನದೇ ಕರುಳಿನಲ್ಲಿರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವವನ್ನೂ ಶತ್ರುವೆಂದು ತಿಳಿದು ಯುದ್ಧ ಹೂಡುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ, ಅಗೆಮಡಿಯಲ್ಲಿ ಒತ್ತಾಗಿ ಎದ್ದುನಿಂತ ಸಸಿಗಳಂತೆ, ಬಲು ಸೂಕ್ಷ್ಮವಾದ ಕುಚ್ಚುಗಳಿರುತ್ತವೆ. ಉಂಡ ಅನ್ನದ ಸಾರವನ್ನು ರಕ್ತಕ್ಕೆ ಸೇರಿಸುವ ಕೆಲಸ ಅವುಗಳದು. ಈ ಯುದ್ಧದಲ್ಲಿ ಅವು ಬೋಳಾಗಿ ನೆಲ ಹಿಡಿಯುತ್ತವೆ. ಹೀಗಾದಾಗ ಎಷ್ಟು ಉಂಡರೂ ಉಂಡದ್ದು ಮೈಗೆ ಹತ್ತುವುದಿಲ್ಲ. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ದೇಹವು ತನ್ನ ಮೇಲೆ ತಾನೇ ತಿರುಗಿ ಬೀಳುವ ವ್ಯಾಧಿಗಳ ಗುಂಪಿಗೆ ಸೇರಿದುದು, ಒಮ್ಮೆ ಬಂದರೆ ಬಾಳಿನುದ್ದಕ್ಕೂ ಇರತಕ್ಕುದು.

ಇದರ ಚರಿತ್ರೆಯಲ್ಲಿ ಒಂದು ವಿನೋದವಿದೆ. ಕ್ರಿಸ್ತಶಕದ ಆದಿಭಾಗದಲ್ಲಿದ್ದ ಕಪಡೋಸಿಯದ ಅರಿಟಿಯಸ್ ಎಂಬ ಗ್ರೀಕ್ ವೈದ್ಯನು ಉಂಡದ್ದು ಅರಗದೆ ಹೋಗುವ ದೀರ್ಘರೋಗವೊಂದನ್ನು ವಿವರಿಸಿದ್ದನಾದರೂ, ಮಕ್ಕಳಲ್ಲಿ ಇದನ್ನು ಸ್ಪಷ್ಟವಾಗಿ ಗುರುತಿಸಿದವನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ. 1887ರಲ್ಲಿ ಉಪನ್ಯಾಸವಾಗಿ ಕೊಟ್ಟು ಮರುವರ್ಷ ಪ್ರಕಟಿಸಿದ ಲೇಖನದಲ್ಲಿ ಆತನು, ಈ ರೋಗ ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಬರೆದನು. ಮಾತು ಅಕ್ಷರಶಃ ಸತ್ಯ. ಆದರೆ ಆ ಆಹಾರವಾವುದೆಂದು ಹೇಳಹೊರಟಾಗ ಅನ್ನವನ್ನೂ ಸಾಬಕ್ಕಿಯನ್ನೂ ಅಯೋಗ್ಯವೆಂದು ತಳ್ಳಿಹಾಕಿ, ಮಾಲ್ಟಿನ ಆಹಾರ, ರಸ್ಕು ಮತ್ತು ತೆಳ್ಳಗೆ ಕೊಯ್ದು ಎರಡೂ ಮಗ್ಗುಲು ಚೆನ್ನಾಗಿ ಸುಟ್ಟ ಬ್ರೆಡ್ಡು ಮೇಲೆಂದನು! ನಮ್ಮ ರೋಗಿಗಳ ತಲೆದಿಂಬಿನ ಪಕ್ಕದಲ್ಲಿ ಇಂದಿಗೂ ಕಾಣುವ ಪದಾರ್ಥಗಳು ಅವೇ. ನ್ಯೂಯಾರ್ಕಿನ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಬಾಳೆಹಣ್ಣಿನ ಪಥ್ಯವನ್ನು ಪ್ರಚುರಪಡಿಸಿದನು. ಮಕ್ಕಳು ಬದುಕಿದರು, ಯಶಸ್ಸು ಬಾಳೆಹಣ್ಣಿಗೆ ಸಂದಿತು, ಅವರ ತಟ್ಟೆಯಿಂದ ಬ್ರೆಡ್ಡು ಇಲ್ಲವಾದುದನ್ನು ಯಾರೂ ಎಣಿಸಲಿಲ್ಲ.

ಎಣಿಸಿದವನು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಬ್ರೆಡ್ಡು ಸಿಕ್ಕದೆ ಜನ ಟ್ಯೂಲಿಪ್ ಗಡ್ಡೆಗಳನ್ನು ಬೇಯಿಸಿ ತಿಂದರೆಂಬುದೂ, ಊರೆಲ್ಲ ಹಸಿದು ಸೊರಗುತ್ತಿರುವಾಗ ಆಸ್ಪತ್ರೆಯ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರೆಂಬುದೂ ಈ ಕಥೆಯ ಪ್ರಸಿದ್ಧ ಭಾಗ. ಕ್ಷಾಮವೇ ಎಲ್ಲವನ್ನೂ ಕಲಿಸಿತೆಂದು ಹೇಳುವುದು ಮಾತ್ರ ಡಿಕ್ಕೆಗೆ ನ್ಯಾಯವಲ್ಲ. ಯುದ್ಧಕ್ಕೆ ಮೊದಲೇ ಆತನಿಗೆ ಗೋಧಿಯ ಮೇಲೆ ಸಂಶಯ ಬಂದಿತ್ತು. 1941ರಲ್ಲಿಯೇ ಗೋಧಿಯಿಲ್ಲದ ಪಥ್ಯದ ವಿಚಾರವಾಗಿ ಆತನು ಬರೆದಿದ್ದನು. ಯುದ್ಧ ಮುಗಿದ ಮೇಲೆ ಒಂದೊಂದೇ ಮಗುವಿಗೆ ಗೋಧಿಯನ್ನು ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ತೂಕವನ್ನೂ ಮಲದಲ್ಲಿ ಹೋಗುವ ಕೊಬ್ಬನ್ನೂ ಅಳೆದು, 1950ರ ತನ್ನ ಪ್ರೌಢಪ್ರಬಂಧದಲ್ಲಿ ಆತನು ಈ ಅಪವಾದವನ್ನು ಗೋಧಿಯ ಮೇಲೆ ಖಚಿತವಾಗಿ ಹೊರಿಸಿದನು. ಶತ್ರುವೆಂದು ದೇಹವು ಹಿಡಿದುಕೊಳ್ಳುವ ಕಿಣ್ವ ಯಾವುದೆಂದು ಜರ್ಮನಿಯ ಸಂಶೋಧಕರು ಕಂಡುಹಿಡಿಯುವಷ್ಟರಲ್ಲಿ 1997 ಆಗಿತ್ತು. ಇಂದು ತೋಳಿನಿಂದ ಸ್ವಲ್ಪ ರಕ್ತ ತೆಗೆದು ಈ ರೋಗವನ್ನು ಪತ್ತೆಮಾಡುವುದು ಇಷ್ಟು ಸುಲಭವಾಗಿರುವುದು ಆ ಶೋಧದಿಂದ.

ಭಾರತದಲ್ಲಿ ಇದು ಗೋಧಿ ತಿನ್ನುವ ಉತ್ತರದವರ ಕಾಯಿಲೆಯೆಂದೇ ಬಹುಕಾಲ ಪ್ರತೀತಿ ಇತ್ತು. ಅದು ನಿಜವೋ ಸುಳ್ಳೋ ಎಂಬುದನ್ನು ಅಳೆದ ದೊಡ್ಡ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಉತ್ತರ, ಈಶಾನ್ಯ, ದಕ್ಷಿಣ ಈ ಮೂರು ಕಡೆಗಳ 23,331 ಮಂದಿ ವಯಸ್ಕರ ರಕ್ತವನ್ನು ಅದಕ್ಕಾಗಿ ಪರೀಕ್ಷಿಸಿದ್ದರು. ಉತ್ತರದಲ್ಲಿ ಸಾವಿರಕ್ಕೆ 8.53 ಮಂದಿಯಲ್ಲಿ ಈ ಕಾಯಿಲೆ ಇದ್ದರೆ ದಕ್ಷಿಣದಲ್ಲಿ ಸಾವಿರಕ್ಕೆ 0.11, ಎಂದರೆ, ಹತ್ತು ಸಾವಿರ ಜನರಲ್ಲಿ ಅಲ್ಲಿ ಸುಮಾರು 85, ಇಲ್ಲಿ ಒಬ್ಬ. ಇಷ್ಟನ್ನೇ ಓದಿ ಪತ್ರಿಕೆ ಮಡಚಿಟ್ಟವರು ದಕ್ಷಿಣದವರ ರಕ್ತವೇ ಬೇರೆ ಎಂದುಕೊಂಡಾರು. ಅದೇ ಸಮೀಕ್ಷೆ ಜೀನುಗಳನ್ನೂ ಎಣಿಸಿತ್ತು: ಮೇಲೆ ಹೇಳಿದ ಎರಡು ಜೀನುಗಳಲ್ಲಿ ಒಂದಾದರೂ ಇದ್ದವರು ಉತ್ತರದಲ್ಲಿ ನೂರಕ್ಕೆ 38.1, ದಕ್ಷಿಣದಲ್ಲಿ 36.4. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ವ್ಯತ್ಯಾಸವಿದ್ದುದು ತಟ್ಟೆಯಲ್ಲಿ. ದಿನಕ್ಕೆ ಸರಾಸರಿ ಉತ್ತರದವನು 455 ಗ್ರಾಂ ಗೋಧಿ ತಿನ್ನುತ್ತಿದ್ದನು, ದಕ್ಷಿಣದವನು 25 ಗ್ರಾಂ.

ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಅಕ್ಕಿಯು ನಮ್ಮನ್ನು ಈ ವ್ಯಾಧಿಯಿಂದ ಕಾಪಾಡಿಕೊಂಡು ಬಂದಿದೆ, ಆದರೆ ಅದೇ ಅಕ್ಕಿಯು ಇದ್ದ ವ್ಯಾಧಿಯನ್ನು ಮರೆಮಾಚಿಯೂ ಇದೆ. ಉತ್ತರದಲ್ಲಿ ರೋಗವನ್ನು ಕಂಡುಹಿಡಿಯುವುದು ಸುಲಭ, ಕಂಡ ಮೇಲೆ ರೊಟ್ಟಿ ಪರಾಠೆಗಳ ನಡುವೆ ಬಾಳುವುದು ಕಷ್ಟ; ಇಲ್ಲಿ ಬಾಳುವುದು ಸುಲಭ, ಕಂಡುಹಿಡಿಯುವುದೇ ಕಷ್ಟ. ನಮ್ಮ ಜೀನುಗಳು ಹಾಗೆಯೇ ಇದ್ದು ತಟ್ಟೆಯ ಗೋಧಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಹತ್ತು ಸಾವಿರಕ್ಕೆ ಒಬ್ಬನೆಂಬ ಲೆಕ್ಕ ಹಾಗೆಯೇ ನಿಲ್ಲುವುದೆಂದು ನಂಬುವುದು ವಿವೇಕವಲ್ಲ.

ಮರೆಮಾಚುವ ಬಗೆಯನ್ನು ಕೊಂಚ ವಿವರಿಸಬೇಕು. ಪಾಠ್ಯಪುಸ್ತಕದ ಸೀಲಿಯಾಕ್ ರೋಗಿಯೆಂದರೆ ಉಬ್ಬಿದ ಹೊಟ್ಟೆ, ಕಡ್ಡಿಯಂತಹ ಕೈಕಾಲು, ನಿಲ್ಲದ ಭೇದಿಯ ಮಗು. ಅಂತಹ ಮಗುವನ್ನು ಯಾರೂ ಕಡೆಗಣಿಸುವುದಿಲ್ಲ. ಆದರೆ ಎಷ್ಟೋ ರೋಗಿಗಳಲ್ಲಿ ಹೊಟ್ಟೆಯ ದೂರೇ ಇರದು. ಕಬ್ಬಿಣದ ಮಾತ್ರೆಗಳಿಗೆ ಜಗ್ಗದ ರಕ್ತಹೀನತೆ, ಓರಗೆಯವರಿಗಿಂತ ಗೇಣುದ್ದ ಹಿಂದೆ ಉಳಿದ ಎತ್ತರ, ತಡವಾಗಿ ಬರುವ ಪ್ರಾಯ, ಮತ್ತೆ ಮತ್ತೆ ಏಳುವ ಬಾಯಿಹುಣ್ಣು, ಸಣ್ಣ ವಯಸ್ಸಿನಲ್ಲಿಯೇ ಟೊಳ್ಳಾಗುವ ಮೂಳೆ, ನಿಲ್ಲದ ಗರ್ಭ, ಮೊಣಕೈ ಮೊಣಕಾಲುಗಳ ಮೇಲೆ ಅಸಾಧ್ಯ ತುರಿಕೆಯ ಗುಳ್ಳೆ, ಇವುಗಳಲ್ಲಿ ಒಂದೇ ಒಂದಾಗಿ ಅದು ತಲೆದೋರಬಹುದು. ರಕ್ತಹೀನತೆಯೆಂದರೆ ಅಡಿಕೆ ತೋಟದ ಹಸಿಮಣ್ಣಿನಲ್ಲಿ ಬರಿಗಾಲಿನಲ್ಲಿ ದುಡಿಯುವವರ ನಾಡಿನಲ್ಲಿ ಮೊದಲು ನೆನಪಾಗುವುದು ಕೊಕ್ಕೆಹುಳು. ಹುಳುವಿನ ಗುಳಿಗೆ, ಕಬ್ಬಿಣದ ಮಾತ್ರೆ, ಸೊಪ್ಪು ತಿನ್ನಿರೆಂಬ ಉಪದೇಶ, ಇಷ್ಟಕ್ಕೆ ಚಿಕಿತ್ಸೆ ಮುಗಿಯುತ್ತದೆ. ಹೆಚ್ಚಿನ ಪಾಲು ಅದು ಸರಿಯೂ ಹೌದು. ದೀರ್ಘಕಾಲದ ಭೇದಿಯಾದರೆ ಗ್ರಹಣಿಯೆಂದು ಕಷಾಯ. ದೊಡ್ಡ ಆಸ್ಪತ್ರೆಗೆ ಹೋದರೆ ಅಲ್ಲಿನವರಿಗೂ ಉಷ್ಣವಲಯದ ಸ್ಪ್ರೂ ಎಂಬ, ದಕ್ಷಿಣ ಭಾರತದಲ್ಲಿ ಚಿರಪರಿಚಿತವಾದ, ಕರುಳಿನ ಕುಚ್ಚುಗಳನ್ನು ಇದರಂತೆಯೇ ಮೊಟಕುಗೊಳಿಸುವ ಬೇರೊಂದು ರೋಗ ನೆನಪಿಗೆ ಬರುತ್ತದೆ. ಆ ರೋಗಕ್ಕೆ ಟೆಟ್ರಾಸೈಕ್ಲಿನ್ ಮತ್ತು ಫೋಲಿಕ್ ಆಮ್ಲ ಮದ್ದು. ಸೀಲಿಯಾಕಿಗೆ ಅವುಗಳಿಂದ ವಾಸಿಯಿಲ್ಲ.

ಇನ್ನೂ ಒಂದು ಮರೆಯುಂಟು. ಊರಿನಲ್ಲಿ ಕಡುಬು ಅನ್ನ ಉಂಡು ಆರೋಗ್ಯವಾಗಿ ಬೆಳೆದ ಹುಡುಗಿ ಉದ್ಯೋಗಕ್ಕೋ ಮದುವೆಯಾಗಿಯೋ ಪುಣೆಗೆ, ದೆಹಲಿಗೆ ಹೋಗುತ್ತಾಳೆನ್ನಿ. ಮೂರು ಹೊತ್ತೂ ಚಪಾತಿ ತಿನ್ನುವ ಮನೆಯಲ್ಲಿ ಆರೇಳು ತಿಂಗಳಿಗೆ ಇಳಿದುಹೋಗುತ್ತಾಳೆ, ಊರಿಗೆ ಬಂದು ನಾಲ್ಕು ವಾರ ಇದ್ದರೆ ಮುಖದಲ್ಲಿ ಮತ್ತೆ ಕಳೆ ಬರುತ್ತದೆ. "ಆ ಊರಿನ ನೀರು ಒಗ್ಗಲಿಲ್ಲ" ಎಂದು ಹಿರಿಯರ ನಿರ್ಣಯ. ಅತ್ತೆಮನೆಯವರ ಮೇಲೆ ಗುಮಾನಿ ಪಡುವವರೂ ಇದ್ದಾರು. ನೀರನ್ನು ಬೈಯುವ ಮೊದಲು ಹಿಟ್ಟನ್ನು ಸಂಶಯಿಸುವ ಬುದ್ಧಿ ನಮಗೆ ಇನ್ನೂ ಬರಬೇಕಾಗಿದೆ.

ಪರೀಕ್ಷೆಯ ಕ್ರಮ ಹೀಗಿದೆ. ಮೊದಲನೆಯದು ರಕ್ತಪರೀಕ್ಷೆ, ಮೇಲೆ ಹೇಳಿದ ಕಿಣ್ವದ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯಗಳನ್ನು ಅದು ಅಳೆಯುತ್ತದೆ, ಚೀಟಿಯಲ್ಲಿ ಟಿ.ಟಿ.ಜಿ. ಐಜಿಎ ಎಂದು ಬರೆಯುತ್ತಾರೆ. ಅದರೊಡನೆ ಒಟ್ಟು ಐಜಿಎ ಎಷ್ಟಿದೆಯೆಂದೂ ನೋಡಿಸಬೇಕು. ಏಕೆಂದರೆ ಸೀಲಿಯಾಕ್ ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಆ ಜಾತಿಯ ಪ್ರತಿಕಾಯವೇ ಹುಟ್ಟುವುದಿಲ್ಲವಾಗಿ, ರೋಗವಿದ್ದರೂ ವರದಿ ಇಲ್ಲವೆನ್ನುತ್ತದೆ. ರಕ್ತದಲ್ಲಿ ಪ್ರತಿಕಾಯಗಳು ಹೆಚ್ಚಿರುವುದು ಕಂಡರೆ ಎಂಡೋಸ್ಕೋಪಿ ಮಾಡುವ ಆಸ್ಪತ್ರೆಗೆ ಹೋಗಬೇಕು. ಮೇಗರವಳ್ಳಿಯವರಿಗೆ ಇದಕ್ಕೆ ಎರಡು ದಾರಿ: ಮೂಡಲಿಗೆ ಶಿವಮೊಗ್ಗ, ಇಲ್ಲವೆ ಆಗುಂಬೆಯ ಘಾಟಿಯಿಳಿದು ಹೆಬ್ರಿಯ ಮೇಲೆ ಮಣಿಪಾಲ. ಬರಿಹೊಟ್ಟೆಯಲ್ಲಿ ಹೋದವರ ಗಂಟಲಿಗೆ ಮರಗಟ್ಟುವ ಮದ್ದು ಸಿಂಪಡಿಸಿ, ತುದಿಯಲ್ಲಿ ದೀಪವಿರುವ ಕೊಳವೆಯನ್ನು ಜಠರದ ಮುಂದಕ್ಕೆ ಇಳಿಸಿ, ಸಣ್ಣ ಕರುಳಿನ ಆರಂಭದ ಭಾಗದಿಂದ ಅಕ್ಕಿಯ ನುಚ್ಚಿನಷ್ಟು ಚಿಕ್ಕವಾದ ಐದಾರು ತುಣುಕುಗಳನ್ನು ತೆಗೆಯುತ್ತಾರೆ. ಒಂದೆರಡು ಸಾಲದು, ರೋಗವು ಅಲ್ಲಲ್ಲಿ ಬಿಟ್ಟು ಬಿಟ್ಟು ಹರಡಿರುವುದುಂಟು. ತುಣುಕು ತೆಗೆಯುವುದು ನೋಯುವುದಿಲ್ಲ, ಕೊಳವೆ ಇಳಿಯುವಾಗಿನ ಓಕರಿಕೆಯೇ ಅದರ ಕಷ್ಟ. ಮಕ್ಕಳಲ್ಲಿ ಪ್ರತಿಕಾಯದ ಮಟ್ಟವು ಮಿತಿಯ ಹತ್ತು ಪಟ್ಟಿಗಿಂತ ಮೇಲಿದ್ದು, ಎರಡನೆಯ ಸಲ ತೆಗೆದ ರಕ್ತದಲ್ಲಿ ಇನ್ನೊಂದು ಬಗೆಯ ಪ್ರತಿಕಾಯವೂ ಕಂಡುಬಂದರೆ ಈ ಕೊಳವೆಯ ಗೋಜಿಲ್ಲದೆ ನಿರ್ಣಯಿಸಬಹುದೆಂದು ಯುರೋಪಿನ ಮಕ್ಕಳ ವೈದ್ಯರ ಸಂಘ ಒಪ್ಪಿದೆ.

ಮಂಗನ ಕಾಯಿಲೆಯ ದೆಸೆಯಿಂದ 1957ರಿಂದೀಚೆಗೆ ರಕ್ತ ಕೊಟ್ಟು ವರದಿಗೆ ಕಾಯುವುದು ನಮ್ಮ ಜನಕ್ಕೆ ಅಭ್ಯಾಸವಾಗಿದೆ; ಆದುದರಿಂದ ಪರೀಕ್ಷೆಯೆಂದರೆ ಇಲ್ಲಿ ಯಾರೂ ಹೆದರುವವರಲ್ಲ. ಹೆದರಬೇಕಾದುದು ಬೇರೊಂದಕ್ಕೆ. ಗೋಧಿ ತಿನ್ನುತ್ತಿರುವವನಲ್ಲಿ ಮಾತ್ರ ಈ ಪರೀಕ್ಷೆಗಳು ಸತ್ಯವನ್ನು ನುಡಿಯುತ್ತವೆ. ಗೋಧಿಯನ್ನು ಬಿಟ್ಟು ಕೆಲವು ತಿಂಗಳಾದವನ ರಕ್ತದಲ್ಲಿ ಪ್ರತಿಕಾಯಗಳು ಇಳಿದುಹೋಗಿರುತ್ತವೆ, ಕರುಳು ಮಾಯುತ್ತಿರುತ್ತದೆ, ವರದಿ ನಿರ್ದೋಷಿಯೆಂದು ತೀರ್ಪು ಕೊಡುತ್ತದೆ. ಈಗ ನೋಡಿ, ಗೋಧಿ ಬಿಡುವುದೊಂದು ಶೋಕಿಯಾಗಿದೆ. ತೂಕ ಇಳಿಸಲು, ಚರ್ಮ ಹೊಳೆಯಲು, ಮಂಡಿನೋವಿಗೆ, ಎಲ್ಲಕ್ಕೂ ಗ್ಲುಟೆನ್ ಬಿಡಿರೆಂದು ಮೊಬೈಲಿನಲ್ಲಿ ಉಪದೇಶಿಸುವವರಿಗೆ ಲೆಕ್ಕವಿಲ್ಲ. ಹೊಟ್ಟೆ ಸರಿಯಿಲ್ಲದವನೊಬ್ಬ ಇದನ್ನು ಕೇಳಿ ಚಪಾತಿ ಬಿಟ್ಟು, ವಾಸಿಯೆನಿಸಿ, ತನಗೆ ಸೀಲಿಯಾಕ್ ಇದೆಯೇ ಇಲ್ಲವೇ ಎಂಬುದನ್ನು ಅರಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಮತ್ತೆ ತಿಳಿಯಬೇಕಾದರೆ ವೈದ್ಯರ ಕಣ್ಗಾವಲಿನಲ್ಲಿ ಆರು ವಾರಗಳ ಕಾಲವಾದರೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದು ಪರೀಕ್ಷೆಗೆ ಹೋಗಬೇಕು. ಒಮ್ಮೆ ಸುಖ ಕಂಡವನಿಗೆ ಅದು ಶಿಕ್ಷೆಯೇ ಸರಿ. ಬಿಡುವುದು ಪರೀಕ್ಷೆಯ ಅನಂತರ, ಅದಕ್ಕೆ ಮೊದಲಲ್ಲ. ವಾರಕ್ಕೊಮ್ಮೆ ಉಪ್ಪಿಟ್ಟು ತಿನ್ನುವಷ್ಟೇ ಗೋಧಿಯ ಬಳಕೆಯಿರುವ ಹಳ್ಳಿಯವನ ವಿಷಯದಲ್ಲಿಯೂ ಇದೇ ತೊಡಕಿರುವುದರಿಂದ, ತಾನೆಷ್ಟು ಗೋಧಿ ತಿನ್ನುತ್ತೇನೆಂಬುದನ್ನು ಆತನು ವೈದ್ಯರಿಗೆ ತಾನಾಗಿಯೇ ಹೇಳತಕ್ಕದ್ದು. ಅವರು ಕೇಳುವರೆಂದು ಕಾಯಬಾರದು.

ರೋಗ ಖಚಿತವಾದ ಮೇಲೆ ಮದ್ದೊಂದೇ, ಗ್ಲುಟೆನ್ನನ್ನು ಬಿಡುವುದು. ದೆಹಲಿಯ ತಾಯಿಗೆ ಈ ಮಾತು ಸಿಡಿಲಿನಂತೆ ಎರಗೀತು. ಮಲೆನಾಡಿನ ತಾಯಿ ಅಷ್ಟು ಕಂಗೆಡಬೇಕಾದ್ದಿಲ್ಲ. ಕಡುಬು ಮತ್ತು ಕೋಳಿಸಾರು, ಅಕ್ಕಿರೊಟ್ಟಿ ಮತ್ತು ಕಳಲೆಯ ಪಲ್ಯ, ಒತ್ತು ಶ್ಯಾವಿಗೆ, ತೆಳ್ಳೇವು, ಮಳೆಗಾಲದ ಪತ್ರೊಡೆ, ಹಲಸಿನಹಣ್ಣಿನ ಕಡುಬು, ಒಂದೆಲಗದ ತಂಬುಳಿ, ಇವುಗಳಲ್ಲಿ ಗೋಧಿಯ ಕಣವೂ ಇಲ್ಲ. ಸಿಹಿ ಬೇಕೆಂದರೆ ಹೋಳಿಗೆಗೆ ಬದಲಾಗಿ ಸಾಗರದ ಸೀಮೆಯವರ ತೊಡೆದೇವು ಇದೆಯಷ್ಟೆ: ಕಬ್ಬಿನ ಹಾಲಿಗೋ ಬೆಲ್ಲದ ನೀರಿಗೋ ಅಕ್ಕಿಹಿಟ್ಟನ್ನು ಕದಡಿ, ಕವುಚಿಹಾಕಿ ಕಾಯಿಸಿದ ಮಡಕೆಯ ಬೆನ್ನಿನ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಬಳಿದು, ಕ್ಷಣಾರ್ಧದಲ್ಲಿ ಎಬ್ಬಿಸಿ ಮಡಚುವ ಆ ತಿನಿಸಿನ ತೆಳುವಿಗೆ ಯಾವ ಮೈದಾ ಹಿಟ್ಟೂ ಸರಿಗಟ್ಟಲಾರದೆಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಪೇಟೆಯ ಅಂಗಡಿಗಳಲ್ಲಿ ಗ್ಲುಟೆನ್‌ರಹಿತವೆಂದು ದುಬಾರಿ ಬೆಲೆಗೆ ಮಾರುವ ಬ್ರೆಡ್ಡು ಬಿಸ್ಕತ್ತುಗಳನ್ನು ಇಲ್ಲಿಯವರು ಅರಸಿ ಹೋಗಬೇಕಾದ ಅಗತ್ಯವೇ ಇಲ್ಲ.

ಕೇಡು ಅಡಗಿರುವುದು ಅನ್ನದಲ್ಲಲ್ಲ, ಅನ್ನದ ಪಕ್ಕದಲ್ಲಿ. ಮೊದಲನೆಯದು ಇಂಗು. ಗಿಡದಿಂದ ಇಳಿಸಿದ ಶುದ್ಧವಾದ ಇಂಗು ಬಲು ತೀಕ್ಷ್ಣವಾಗಿರುವುದರಿಂದ ಅದನ್ನು ಗೋಂದಿನೊಡನೆಯೂ ಹಿಟ್ಟಿನೊಡನೆಯೂ ಕಲಸಿ ಮಾರುತ್ತಾರೆ. ಆ ಹಿಟ್ಟು ಬಹಳ ಮಟ್ಟಿಗೆ ಮೈದಾ. ಬೆಳ್ಳುಳ್ಳಿಯನ್ನು ಒಲ್ಲದ ಮನೆಗಳಲ್ಲಿ ಸಾರಿಗೆ, ಅಪ್ಪೆಹುಳಿಗೆ, ಮಜ್ಜಿಗೆಗೆ, ಉಪ್ಪಿನಕಾಯಿಗೆ ಇಂಗಿನ ಒಗ್ಗರಣೆ ಬೀಳದ ದಿನವಿಲ್ಲ. ಬೀಳುವುದು ಚಿಟಿಕೆಯಷ್ಟೇ ಇರಬಹುದು, ಆದರೆ ಪ್ರತಿದಿನ ಬೀಳುತ್ತದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಮಾಯುತ್ತಿರುವ ಕರುಳು ಪುನಃ ಕೆಡಬಹುದೆಂಬುದನ್ನು 2007ರ ಒಂದು ಪ್ರಯೋಗ ತೋರಿಸಿಕೊಟ್ಟಿದೆ. ಡಬ್ಬಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿ ಅಕ್ಕಿಹಿಟ್ಟಿನಲ್ಲಿ ಕಲಸಿದ ಇಂಗನ್ನು ಆರಿಸಿಕೊಂಡರೆ ಈ ಚಿಂತೆ ತಪ್ಪಿತು. ಎರಡನೆಯದು ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ಅಕ್ಕಿಯನ್ನೂ ರಾಗಿಯನ್ನೂ ಸುರಿಯುವುದರಿಂದ ಹಿಟ್ಟು ಮನೆಗೆ ಬರುವಾಗಲೇ ಕಲಬೆರಕೆಯಾಗಿರುತ್ತದೆ. ಕಡುಬಿನ ತರಿಯನ್ನೂ ರೊಟ್ಟಿಯ ಹಿಟ್ಟನ್ನೂ ಮನೆಯ ಮಿಕ್ಸಿಯಲ್ಲಿಯೇ ಮಾಡಿಕೊಳ್ಳುವುದು ಕ್ಷೇಮ. ಹೋಟೆಲಿನ ಮಾತು ಕೇಳುವುದೇ ಬೇಡ: ರವೆದೋಸೆ ಹುಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ, ಬನ್ಸು ಕರಿದ ಎಣ್ಣೆಯಲ್ಲಿಯೇ ಬೋಂಡ, ಉಪ್ಪಿಟ್ಟಿನ ಸೌಟಿನಲ್ಲಿಯೇ ಅವಲಕ್ಕಿ.

ಪೊಟ್ಟಣದ ಆಹಾರದಲ್ಲಿ ಗ್ಲುಟೆನ್‌ರಹಿತವೆಂದು ಅಚ್ಚುಹಾಕಬೇಕಾದರೆ ಕಿಲೋ ಒಂದಕ್ಕೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಸೋಯಾ ಸಾಸು, ಸಿದ್ಧ ಮಸಾಲೆ, ಮಾಲ್ಟಿನ ಪುಡಿ, ಬಿಯರು, ಇವೆಲ್ಲ ವರ್ಜ್ಯ. ಬೆಳಗಾವಿಯ ಕಡೆಯಿಂದ ಬರುವ ಖಪ್ಲಿ ಗೋಧಿಯನ್ನು ಪುರಾತನ ಧಾನ್ಯವೆಂದು ಹೊಗಳಿ ಮಾರುತ್ತಾರೆ. ಮಿಕ್ಕವರಿಗೆ ಅದು ಒಳ್ಳೆಯದೇ ಇರಬಹುದು, ಸೀಲಿಯಾಕ್ ರೋಗಿಗೆ ಅದೂ ಗೋಧಿಯೇ.

ಇವೆಲ್ಲಕ್ಕಿಂತ ಕಠಿನವಾದುದು ನೆಂಟರ ಪ್ರೀತಿ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತವಳು ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದು "ಬೇಡ ದೊಡ್ಡಮ್ಮ, ನಂಗದು ಮೈಗಾಗಲ್ಲ" ಎಂದರೆ, "ಒಂದು ಹೋಳಿಗೆ ತಿಂದ್ರೆ ಎಂತ ಆಗ್ತದೆ ಮಾರಾಯ್ತಿ, ತುಪ್ಪ ಹಾಕ್ಕೊಂಡು ತಿನ್ನು" ಎಂದು ಎಲೆಗೆ ಹಾಕಿಯೇ ಮುಂದೆ ಹೋಗುವುದು ನಮ್ಮ ಉಪಚಾರದ ರೀತಿ. ತಿಂದರೆ ಅಂದು ಏನೂ ಆಗದೆಯೂ ಇರಬಹುದು. ಅಪಾಯವಿರುವುದು ಅಲ್ಲಿಯೇ, ಏಕೆಂದರೆ ಕರುಳು ಕೆಡುವುದಕ್ಕೆ ಹೊಟ್ಟೆ ನೋಯಲೇಬೇಕೆಂದಿಲ್ಲ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ ವಿಷಯ ಇನ್ನೂ ಸೂಕ್ಷ್ಮ; ಪ್ರಸಾದವನ್ನು ತಿರಸ್ಕರಿಸಿದ ಸಾಧುವೈಶ್ಯನ ಮಗಳ ಕಥೆಯನ್ನು ಆಗತಾನೇ ಕೇಳಿ ಎದ್ದವರೆದುರಿಗೆ ಬೇಡವೆನ್ನುವುದು ಹೇಗೆ? ಕಣ್ಣಿಗೊತ್ತಿಕೊಂಡು ಮನೆಯವರಿಗೆ ದಾಟಿಸುವುದು ಒಂದು ಉಪಾಯ. ಪೂಜೆ ಸ್ವಂತ ಮನೆಯದಾದರೆ ಗೋಧಿಯ ರವೆಗೆ ಬದಲು ಅಕ್ಕಿಯ ತರಿಯಲ್ಲಿ ಮಾಡಿಸಲು ಪುರೋಹಿತರನ್ನು ಮೊದಲೇ ಕೇಳಿಕೊಳ್ಳಬಹುದು, ವಿವೇಕಿಗಳಾದ ಪುರೋಹಿತರು ಬೇಡವೆನ್ನಲಾರರು. ಕ್ರೈಸ್ತರಲ್ಲಿ ಈ ಪ್ರಶ್ನೆ ಎದ್ದಾಗ ರೋಮಿನ ಧರ್ಮಪೀಠವು ಪರಮಪ್ರಸಾದದ ರೊಟ್ಟಿಯಲ್ಲಿ ಗ್ಲುಟೆನ್ ಅತ್ಯಲ್ಪವಾಗಿರಬಹುದು, ಪೂರ್ತಿ ಇಲ್ಲದಿರಕೂಡದು ಎಂದು ವಿಧಿಸಿತು. ನಮ್ಮ ದೇವರುಗಳು ಈ ಬಾಬಿನಲ್ಲಿ ಇನ್ನೂ ಉದಾರಿಗಳು, ಪಂಚಕಜ್ಜಾಯವನ್ನೂ ಅವಲಕ್ಕಿಯನ್ನೂ ಅಷ್ಟೇ ಸಂತೋಷದಿಂದ ಸ್ವೀಕರಿಸುತ್ತಾರೆ. ಸಮಾರಂಭಗಳಿಗಂತೂ ಹಿಂದಿನ ದಿನವೇ ಅಡುಗೆಯ ಭಟ್ಟರ ಕಿವಿಗೆ ಹಾಕಿಡುವುದು ಲೇಸು: "ಭಟ್ರೇ, ನಮ್ಮ ಹುಡುಗಿಗೆ ಗೋಧಿ ಆಗಲ್ಲ, ಇಂಗು ಹಾಕೋ ಮೊದಲು ಒಂದು ಪಾತ್ರೇಲಿ ಸಾರು ತೆಗೆದಿಟ್ಬಿಡಿ." ಭಟ್ಟರು ತೆಗೆದಿಡುತ್ತಾರೆ, ಮಡಿ, ಮೈಲಿಗೆ, ಉಪವಾಸ, ಏಕಾದಶಿಗಳಿಗಾಗಿ ಬೇರೆ ಬೇರೆ ಪಾತ್ರೆ ಇಟ್ಟು ಅನುಭವವಿರುವವರಿಗೆ ಇದೇನೂ ಹೊಸದಲ್ಲ.

ಪಥ್ಯ ಸರಿಯಾಗಿ ನಡೆದರೆ ಕೆಲವೇ ವಾರಗಳಲ್ಲಿ ಹಸಿವೆಯೂ ಉತ್ಸಾಹವೂ ಮರಳುತ್ತವೆ, ಮಕ್ಕಳು ಬೆಳೆಯತೊಡಗುತ್ತಾರೆ. ಪ್ರತಿಕಾಯಗಳು ಇಳಿಯಲು ಆರು ತಿಂಗಳಿಂದ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟರವರೆಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12, ಡಿ ಜೀವಸತ್ವ, ಸುಣ್ಣದಂಶಗಳ ಕೊರತೆಯನ್ನು ನೋಡಿ ತುಂಬಿಸಬೇಕು. ಅನಂತರದ ಕೆಲಸ ಮನೆಯ ಉಳಿದವರದು. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಿಂದ ಹದಿನೈದು ಮಂದಿಗೆ ಒಬ್ಬರಂತೆ ಈ ವ್ಯಾಧಿ ಇರುತ್ತದಾಗಿ, ಆರೋಗ್ಯವಾಗಿ ಕಾಣುವವರೂ ರಕ್ತ ಪರೀಕ್ಷಿಸಿಕೊಳ್ಳಬೇಕು. ಬಾಲ್ಯದಿಂದ ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯ ಮಕ್ಕಳೂ ಹಾಗೆಯೇ. ಅನ್ನವನ್ನೇ ಉಂಡು ಬೆಳೆದ ತಮ್ಮನ ರಕ್ತದಲ್ಲಿ ಇಂದು ಏನೂ ಕಾಣದೆ ಹೋದರೆ ಅದು ಕೊನೆಯ ಮಾತಲ್ಲ. ಇಂತಹ ಸಂದರ್ಭದಲ್ಲಿ ಜೀನಿನ ಪರೀಕ್ಷೆಗೆ ಬೆಲೆಯುಂಟು. ಜೀನು ಇರುವುದು ಮೂವರಲ್ಲಿ ಒಬ್ಬರಿಗೆ, ಇದ್ದಮಾತ್ರಕ್ಕೆ ರೋಗವೆಂದಲ್ಲ. ಡಿಕ್ಯೂ-2, ಡಿಕ್ಯೂ-8 ಎರಡೂ ಇಲ್ಲವೆಂದು ತಿಳಿದುಬಂದರೆ ಮಾತ್ರ ಆ ಹುಡುಗನಿಗೆ ಈ ಕಾಯಿಲೆ ಬರುವ ಸಂಭವ ಇಲ್ಲವೆನ್ನುವಷ್ಟು ಕಡಮೆ, ಅವನನ್ನು ಮತ್ತೆ ಮತ್ತೆ ಚುಚ್ಚಬೇಕಾಗಿಲ್ಲ. ಇದ್ದರೆ ಎರಡು ಮೂರು ವರ್ಷಗಳಿಗೊಮ್ಮೆ ರಕ್ತವನ್ನು ನೋಡಿಸುತ್ತಿರಬೇಕು. ಓದಿಗೋ ಕೆಲಸಕ್ಕೋ ಚಪಾತಿಯ ಸೀಮೆಗೆ ಹೊರಟನೆಂದರೆ, ಹೋಗಿ ಆರೆಂಟು ತಿಂಗಳು ಅಲ್ಲಿಯ ಊಟ ಉಂಡ ಮೇಲೆ ಅಲ್ಲಿಯೇ ಒಮ್ಮೆ ನೋಡಿಸಿಕೊಂಡರೆ ವರದಿಯನ್ನು ನೆಚ್ಚಬಹುದು.